ರಾಣಿಯ ಮಡಿಲಿಂದ ಶೋ ರಿಂಗಿನ ಮೇಜಿಗೆ: ವಿಕ್ಟೋರಿಯಾ ಮತ್ತು ಅವಳ ಪುಟ್ಟ ನಾಯಿಗಳು

ಭಾನುವಾರ ಬೆಳಗ್ಗೆ ಕಬ್ಬನ್ ಪಾರ್ಕಿಗೆ ಹೋದವರಿಗೆ ಈ ದೃಶ್ಯ ಗೊತ್ತಿರುತ್ತೆ. ಬಿದಿರು ಮೆಳೆಯ ಆಚೀಚೆ ನಾಯಿಗಳ ಜಾತ್ರೆ. ಶಿಹ್ ಟ್ಸು, ಪಗ್, ಪಾಮೇರಿಯನ್, ಮಾಲ್ಟೀಸ್. ಕೆಲವು ಮಕ್ಕಳ ತಳ್ಳುಗಾಡಿಯಲ್ಲಿ ಕೂತು ಬಂದಿರುತ್ತವೆ, ಕೆಲವಕ್ಕೆ ಕೂದಲು ಎತ್ತಿ ಕ್ಲಿಪ್ ಹಾಕಿರುತ್ತಾರೆ. ಅಲ್ಲಿಂದ ಸ್ವಲ್ಪ ನಡೆದರೆ, ಪಾರ್ಕಿನ ಅಂಚಿನಲ್ಲಿ, ಬಿಳಿ ಅಮೃತಶಿಲೆಯ ವಿಕ್ಟೋರಿಯಾ ರಾಣಿ ನಿಂತಿದ್ದಾಳೆ. 1906ರಲ್ಲಿ ಅವಳ ಮೊಮ್ಮಗ, ಮುಂದೆ ಐದನೇ ಜಾರ್ಜ್ ಆದವನು, ಬಂದು ಅನಾವರಣ ಮಾಡಿದ ಪ್ರತಿಮೆ.

ಆ ನಾಯಿಗಳಿಗೂ ಈ ಪ್ರತಿಮೆಗೂ ಸಂಬಂಧ ಇದೆ ಅಂತ ನನಗೆ ಮೊನ್ನೆ ಮೊನ್ನೆಯವರೆಗೂ ಗೊತ್ತಿರಲಿಲ್ಲ. ಗೊತ್ತಾಗಿದ್ದು ನಮ್ಮಕ್ಕನ ಫೋನಿನಿಂದ. ಅವಳ ಮಗಳಿಗೆ ಒಂದು ಪಾಮ್ ಬೇಕಂತೆ. ಸುಮ್ಮನೆ ಪಾಮ್ ಅಲ್ಲ, ಟೀಕಪ್ ಪಾಮ್. ಬೆಳೆದರೂ ಒಂದೂವರೆ ಕೆಜಿ ದಾಟಲ್ಲ, ಟ್ರೈನಿಂಗ್ ಕೊಟ್ಟು ಶೋಗೆ ಇಳಿಸಿದರೆ ಕಪ್ ಗ್ಯಾರಂಟಿ ಅಂತ ಮಾರುವವನು ಹೇಳಿದ್ದಾನೆ. ಅವನು ಹೇಳಿದ ರೇಟು ನನ್ನ ಮೊದಲ ಕೆಲಸದ ಮೂರು ತಿಂಗಳ ಸಂಬಳಕ್ಕೆ ಸಮ. ನೀನು ಇಂಜಿನಿಯರಿಂಗ್ ಓದಿದೋಳು, ಪೇಪರ್‌ನಲ್ಲಿ ಬರೆಯೋಳು, ಒಂದ್ಸಲ ವಿಚಾರಿಸಿ ಹೇಳೇ ಅಂದಳು ಅಕ್ಕ. ವಿಚಾರಿಸೋಕೆ ಹೊರಟವಳು ಲಂಡನ್ನಿನ ಒಂದು ಅರಮನೆಯಲ್ಲಿ, ಹದಿಮೂರು ವರ್ಷದ ಒಬ್ಬಂಟಿ ಹುಡುಗಿಯ ಮುಂದೆ ಹೋಗಿ ನಿಂತೆ.

ಕೈ ಹಿಡಿಯದೆ ಮೆಟ್ಟಿಲು ಇಳಿಯದ ಹುಡುಗಿ

ವಿಕ್ಟೋರಿಯಾ ಹುಟ್ಟಿದ್ದು 1819ರ ಮೇ 24ರಂದು, ಕೆನ್ಸಿಂಗ್ಟನ್ ಅರಮನೆಯಲ್ಲಿ. ಎಂಟು ತಿಂಗಳ ಮಗುವಾಗಿದ್ದಾಗ ಅಪ್ಪ ಸತ್ತ. ಅಮ್ಮ ಜರ್ಮನಿಯ ಹೆಣ್ಣುಮಗಳು. ಆಕೆಯ ಮನೆಯ ವ್ಯವಹಾರವೆಲ್ಲ ಜಾನ್ ಕಾನ್ರಾಯ್ ಅನ್ನೋ ಅಧಿಕಾರಿಯ ಕೈಯಲ್ಲಿತ್ತು. ಮುಂದೆ ರಾಣಿಯಾಗುವ ಸಾಧ್ಯತೆ ಇರೋ ಹುಡುಗಿ ತಮ್ಮ ಹಿಡಿತದಲ್ಲೇ ಇರಬೇಕು ಅಂತ ಇಬ್ಬರೂ ಸೇರಿ ಒಂದು ಕಟ್ಟಳೆ ಮಾಡಿದರು. ಅದನ್ನ ಚರಿತ್ರೆಯಲ್ಲಿ ಕೆನ್ಸಿಂಗ್ಟನ್ ಪದ್ಧತಿ ಅಂತಲೇ ಕರೀತಾರೆ. ಹುಡುಗಿ ಅಮ್ಮನ ಕೋಣೆಯಲ್ಲೇ ಮಲಗಬೇಕು. ಯಾರದಾದರೂ ಕೈ ಹಿಡಿಯದೆ ಮೆಟ್ಟಿಲು ಇಳಿಯೋ ಹಾಗಿಲ್ಲ. ಬೇರೆ ಮಕ್ಕಳ ಜೊತೆ ಆಡೋದು ಹೆಚ್ಚುಕಮ್ಮಿ ಇಲ್ಲವೇ ಇಲ್ಲ.

1833ರಲ್ಲಿ ಈ ಕಾನ್ರಾಯ್, ವಿಕ್ಟೋರಿಯಾಳ ಅಮ್ಮನಿಗೆ ಒಂದು ಪುಟ್ಟ ಸ್ಪ್ಯಾನಿಯಲ್ ತಂದುಕೊಟ್ಟ. ಹೆಸರು ಡ್ಯಾಶ್. ಕೊಟ್ಟಿದ್ದು ಅಮ್ಮನಿಗೆ, ಆದರೆ ಕೆಲವೇ ವಾರದಲ್ಲಿ ಅದು ಮಗಳದ್ದಾಯಿತು. ಅವಳು ಅದಕ್ಕೆ ಕೆಂಪು ಕೋಟು, ನೀಲಿ ಚಡ್ಡಿ ತೊಡಿಸಿ ಆಡಿಸಿದ್ದು ಅವಳ ದಿನಚರಿಯಲ್ಲಿದೆ. ಮನೆಯಲ್ಲಿ ಅವಳ ಮೇಲೆ ಅಧಿಕಾರ ಚಲಾಯಿಸದ ಜೀವ ಅಂದರೆ ಅದೊಂದೇ ಇತ್ತೇನೋ.

1837ರ ಜೂನ್ 20ರ ಬೆಳಗಿನ ಜಾವ ಅವಳನ್ನ ಎಬ್ಬಿಸಿ, ನೀನೀಗ ರಾಣಿ ಅಂದರು. ಅವಳಿಗಾಗ 18. ಅವಳು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ತನ್ನ ಮಂಚವನ್ನ ಅಮ್ಮನ ಕೋಣೆಯಿಂದ ಹೊರಗೆ ಹಾಕಿಸಿದ್ದು. ಮುಂದಿನ ವರ್ಷ ಜೂನ್ 28ಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಪಟ್ಟಾಭಿಷೇಕ. ಗಂಟೆಗಟ್ಟಲೆ ನಡೆದ ಆಚರಣೆ, ತೂಕದ ಕಿರೀಟ, ಬೆರಳಿಗೆ ಬಿಗಿಯಾದ ಉಂಗುರ. ಎಲ್ಲ ಮುಗಿಸಿ ಅರಮನೆಗೆ ಬಂದವಳು ಡ್ಯಾಶ್‌ಗೆ ಸ್ನಾನ ಮಾಡಿಸಿದಳು ಅನ್ನೋದು ಅವಳ ಬಗ್ಗೆ ಹೇಳುವ ಕತೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಚಾಲ್ತಿಯಲ್ಲಿರೋ ಕತೆ. ನನಗೆ ಈ ಹುಡುಗಿ ಇಷ್ಟ ಆಗ್ತಾಳೆ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮುಂದೆ ಹೇಳೋದೆಲ್ಲ ಇಷ್ಟು ಮುದ್ದಾಗಿಲ್ಲ.

ಅಳತೆಪಟ್ಟಿ ಹುಟ್ಟಿದ ಕಾಲ

1840ರ ಫೆಬ್ರವರಿಯಲ್ಲಿ ಆಲ್ಬರ್ಟ್ ಜೊತೆ ಮದುವೆ. ಅದೇ ವರ್ಷದ ಕೊನೆಗೆ ಡ್ಯಾಶ್ ಸತ್ತಿತು. ವಿಂಡ್ಸರ್‌ನಲ್ಲಿ ಅದಕ್ಕೊಂದು ಸಮಾಧಿ ಕಟ್ಟಿಸಿದಳು. ಆ ಹೊತ್ತಿಗೆ ಅಲ್ಲಿ ರಾಜಮನೆತನದ ನಾಯಿಗಳಿಗಾಗಿಯೇ ಹೊಸ ಕೆನೆಲ್ ಎದ್ದಿತ್ತು. ಒಂಬತ್ತು ಮಕ್ಕಳು, ಡಜನ್‌ಗಟ್ಟಲೆ ನಾಯಿಗಳು. ಪ್ರಾಣಿ ಹಿಂಸೆ ವಿರೋಧಿ ಸಂಘವೊಂದಕ್ಕೆ ರಾಯಲ್ ಅನ್ನೋ ಪದ ಸೇರಿಸಿಕೊಳ್ಳಲು 1840ರಲ್ಲೇ ಅನುಮತಿ ಕೊಟ್ಟಳು. ನಾಯಿಗಳ ಕಿವಿ, ಬಾಲ ಕತ್ತರಿಸೋದು ಅವಳಿಗೆ ಆಗುತ್ತಿರಲಿಲ್ಲ.

ಇತ್ತ ಇಂಗ್ಲೆಂಡ್ ಕೈಗಾರಿಕಾ ದೇಶವಾಗ್ತಿತ್ತು. ರೈಲು ಬಂತು, ಗಡಿಯಾರದ ಸಮಯ ಬಂತು, ಮಧ್ಯಮ ವರ್ಗದ ಕೈಗೆ ಒಂದಿಷ್ಟು ಕಾಸು ಮತ್ತು ಬಿಡುವು ಬಂತು. 1859ರ ಜೂನ್‌ನಲ್ಲಿ ನ್ಯೂಕ್ಯಾಸಲ್ ಊರಲ್ಲಿ ಒಂದು ನಾಯಿ ಪ್ರದರ್ಶನ ನಡೀತು. ಬೇಟೆ ನಾಯಿಗಳದ್ದು, ಬಂದಿದ್ದು 60 ನಾಯಿ. ಇವತ್ತಿನ ಎಲ್ಲಾ ಡಾಗ್ ಶೋಗಳ ಮೂಲ ಅಂತ ಸಾಮಾನ್ಯವಾಗಿ ಇದನ್ನೇ ತೋರಿಸ್ತಾರೆ. 1873ರಲ್ಲಿ ಕೆನೆಲ್ ಕ್ಲಬ್ ಶುರುವಾಯಿತು, ಮರುವರ್ಷ ಅದರ ಮೊದಲ ಸ್ಟಡ್ ಬುಕ್ ಬಂತು. ಯಾವ ನಾಯಿಯ ಅಪ್ಪ ಯಾರು, ಅಜ್ಜ ಯಾರು ಅಂತ ದಾಖಲಿಸುವ ಪುಸ್ತಕ.

ಅದಕ್ಕೂ ಮುಂಚೆ ನಾಯಿಗಳನ್ನ ಜನ ಕೆಲಸದಿಂದ ಗುರುತಿಸುತ್ತಿದ್ದರು. ಕುರಿ ಕಾಯೋದು, ಇಲಿ ಹಿಡಿಯೋದು, ಮೊಲ ಅಟ್ಟೋದು. ಕುರಿ ಚೆನ್ನಾಗಿ ಕಾಯ್ದರೆ ಅದು ಒಳ್ಳೆ ಕುರಿನಾಯಿ, ಅಷ್ಟೇ. ಈಗ ಹಾಗಲ್ಲ. ಮೊದಲು ಪುಸ್ತಕದಲ್ಲಿ ಹೆಸರಿರಬೇಕು, ಆಮೇಲೆ ಮೈ ಆ ಪುಸ್ತಕ ಹೇಳಿದ ಹಾಗೆ ಇರಬೇಕು. ಹುಟ್ಟಿನಿಂದ ಶ್ರೇಷ್ಠತೆ, ಪಂಗಡದೊಳಗೇ ಸಂಬಂಧ, ಬೆರಕೆಯಾದರೆ ಹೊರಗೆ. ಜಾತಿ ಅಂದರೇನು ಅಂತ ಗೊತ್ತಿರೋ ನಮಗೆ ಇದನ್ನ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಾಯಿಗಳನ್ನೂ ನಾವು ಜಾತಿನಾಯಿ, ಕಂತ್ರಿನಾಯಿ ಅಂತಲೇ ತಾನೇ ಕರೆಯೋದು?

ಲೂಟಿ ಅನ್ನೋ ಹೆಸರಿನ ನಾಯಿ

1860ರ ಅಕ್ಟೋಬರ್. ಎರಡನೇ ಅಫೀಮು ಯುದ್ಧದ ಕೊನೆಯಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೈನ್ಯಗಳು ಪೆಕಿಂಗ್ ಹತ್ತಿರದ ಚಕ್ರವರ್ತಿಯ ಬೇಸಿಗೆ ಅರಮನೆಗೆ ನುಗ್ಗಿದವು. ಬ್ರಿಟಿಷ್ ಪಡೆಯಲ್ಲಿ ನಮ್ಮ ದೇಶದ ಸಿಪಾಯಿಗಳೂ ಇದ್ದರು. ದಿನಗಟ್ಟಲೆ ದೋಚಿದರು. ಆಮೇಲೆ ಬ್ರಿಟಿಷ್ ಪ್ರತಿನಿಧಿ ಲಾರ್ಡ್ ಎಲ್ಗಿನ್ ಆಜ್ಞೆಯ ಮೇಲೆ ಇಡೀ ಅರಮನೆ ಸಮೂಹಕ್ಕೆ ಬೆಂಕಿ ಇಟ್ಟರು. ಇದೇ ಎಲ್ಗಿನ್ ಎರಡು ವರ್ಷದಲ್ಲಿ ಭಾರತದ ವೈಸ್‌ರಾಯ್ ಆಗಿ ಬಂದ.

ಆ ಅರಮನೆಯಲ್ಲಿ ಸಿಪಾಯಿಗಳಿಗೆ ಐದು ಪುಟ್ಟ ನಾಯಿಗಳು ಸಿಕ್ಕವು. ಚೀನಾದ ಅರಮನೆಗಳಲ್ಲಿ ಸಾಕುತ್ತಿದ್ದ, ಚಪ್ಪಟೆ ಮುಖದ, ತೋಳಿನಲ್ಲಿ ಹಿಡಿಸುವಷ್ಟು ಚಿಕ್ಕ ನಾಯಿಗಳು. ಐದನ್ನೂ ಇಂಗ್ಲೆಂಡಿಗೆ ತಂದರು. ಅದರಲ್ಲಿ ಒಂದನ್ನ ಕ್ಯಾಪ್ಟನ್ ಡನ್ ಅನ್ನೋ ಅಧಿಕಾರಿ 1861ರಲ್ಲಿ ರಾಣಿಗೆ ಕಾಣಿಕೆ ಕೊಟ್ಟ. ಅದಕ್ಕೆ ಇಟ್ಟ ಹೆಸರು ಲೂಟಿ.

ಹೌದು, ನಮ್ಮದೇ ಪದ. ಭಾರತದಿಂದ ಇಂಗ್ಲಿಷಿಗೆ ಹೋದ ಪದಗಳಲ್ಲಿ ಅದೂ ಒಂದು. ದೋಚಿದ್ದು ಚೀನಾದಲ್ಲಿ, ದೋಚೋದಕ್ಕೆ ಹೆಸರು ತಂದಿದ್ದು ಇಂಡಿಯಾದಿಂದ, ಎರಡೂ ಸೇರಿ ವಿಂಡ್ಸರ್‌ನ ಕೆನೆಲ್‌ನಲ್ಲಿ ಒಂದು ನಾಯಿಯ ಹೆಸರಾಯಿತು. ಯಾರಿಗೂ ಅದರಲ್ಲಿ ಮುಜುಗರ ಕಾಣಲಿಲ್ಲ. ಕಲಾವಿದನನ್ನ ಕರೆಸಿ ಅದರ ಚಿತ್ರವನ್ನೂ ಬರೆಸಿದರು. ಲೂಟಿ 1872ರವರೆಗೆ ಬದುಕಿತ್ತು. 1890ರ ದಶಕದಲ್ಲಿ ಪೆಕಿಂಗೀಸ್ ಅನ್ನೋ ತಳಿ ಇಂಗ್ಲೆಂಡಿನ ಶೋಗಳಿಗೆ ಇಳಿಯಿತು.

ಒಂದು ಪೌಂಡ್ ಧಾನ್ಯ

1861ರ ಡಿಸೆಂಬರ್ 14ಕ್ಕೆ ಆಲ್ಬರ್ಟ್ ತೀರಿಕೊಂಡ. 42 ವರ್ಷದ ವಿಕ್ಟೋರಿಯಾ ಕಪ್ಪು ಬಟ್ಟೆ ಉಟ್ಟಳು, ಸಾಯುವವರೆಗೂ ತೆಗೆಯಲಿಲ್ಲ. ವರ್ಷಗಟ್ಟಲೆ ಜನರೆದುರು ಬರಲಿಲ್ಲ. ನಾಯಿಗಳು ಮತ್ತೆ ಅವಳ ದಿನಚರಿಯ ನಡುವಿಗೆ ಬಂದವು.

1876ರಲ್ಲಿ ಬ್ರಿಟಿಷ್ ಸಂಸತ್ತು ಪ್ರಯೋಗಾಲಯದ ಪ್ರಾಣಿಗಳ ಹಿಂಸೆಗೆ ಮಿತಿ ಹಾಕುವ ಕಾನೂನು ತಂತು. ಅದರ ಹಿಂದೆ ರಾಣಿಯ ಒತ್ತಾಯವೂ ಇತ್ತು. ಅದೇ ವರ್ಷ ದಕ್ಷಿಣ ಭಾರತದಲ್ಲಿ ಮಳೆ ಕೈಕೊಟ್ಟಿತು. 1877ರ ಜನವರಿ 1ಕ್ಕೆ ದೆಹಲಿಯಲ್ಲಿ ದರ್ಬಾರು ನಡೆಸಿ ಅವಳನ್ನ ಭಾರತದ ಚಕ್ರವರ್ತಿನಿ ಅಂತ ಘೋಷಿಸಿದಾಗ ಮೈಸೂರು ಸೀಮೆಯಲ್ಲಿ ಜನ ಸಾಯ್ತಿದ್ದರು. ಮೈಸೂರು ಆಗ ನೇರವಾಗಿ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಬಳ್ಳಾರಿಯನ್ನೂ ಒಳಗೊಂಡಿದ್ದ ಮದ್ರಾಸ್ ಪ್ರಾಂತ್ಯದ ಗಂಜಿ ಕೆಲಸಗಳಲ್ಲಿ, ದಿನವಿಡೀ ಕಲ್ಲು ಒಡೆದ ಗಂಡಾಳಿಗೆ ಒಂದು ಪೌಂಡ್ ಧಾನ್ಯ ಸಾಕು ಅಂತ ಸರ್ಕಾರದ ಪ್ರತಿನಿಧಿ ರಿಚರ್ಡ್ ಟೆಂಪಲ್ ಲೆಕ್ಕ ಹಾಕಿದ್ದ. ಅಂದರೆ ಅರ್ಧ ಕೆಜಿಗೂ ಕಡಿಮೆ.

ರಾಣಿಗೆ ನಾಯಿ ಮೇಲೆ ಕನಿಕರ ಇತ್ತು, ಜನರ ಮೇಲೆ ಇರಲಿಲ್ಲ ಅಂತ ಹೇಳೋಕೆ ನಾನು ಇದನ್ನ ಎತ್ತಿದ್ದಲ್ಲ. ಆ ವಾದ ಸುಲಭದ್ದು, ಇವತ್ತು ನಾಯಿಗೆ ಅನ್ನ ಹಾಕೋರನ್ನೆಲ್ಲ ಬೈಯೋಕೂ ಅದನ್ನೇ ಬಳಸ್ತಾರೆ. ನಾನು ಹೇಳೋದು ಬೇರೆ. ಅವಳ ಕರುಣೆ ಮಡಿಲ ಹತ್ತಿರ ಇದ್ದವರಿಗೆ ಸಿಗುತ್ತಿತ್ತು, ದೂರ ಇದ್ದವರ ಪಾಲಿಗೆ ತಕ್ಕಡಿ ಮಾತ್ರ ಇತ್ತು. ಆದರೆ ಆ ತಕ್ಕಡಿ ಮಡಿಲಿನ ಹತ್ತಿರಕ್ಕೂ ಬರೋದು ತಡವಾಗಲಿಲ್ಲ.

ಫ್ಲಾರೆನ್ಸಿನಿಂದ ಬಂದ ಮಾರ್ಕೋ

1888ರಲ್ಲಿ ರಾಣಿ ಇಟಲಿಯ ಫ್ಲಾರೆನ್ಸಿಗೆ ಹೋದಳು. ಅಲ್ಲಿ ಅವಳಿಗೆ ಪುಟ್ಟ ಪಾಮೇರಿಯನ್‌ಗಳು ಕಂಡವು. ಪಾಮೇರಿಯನ್ ಇಂಗ್ಲೆಂಡಿಗೆ ಹೊಸದೇನಲ್ಲ. ಅವಳ ಅಜ್ಜಿ, ಜರ್ಮನಿಯಿಂದ ಸೊಸೆಯಾಗಿ ಬಂದ ರಾಣಿ ಶಾರ್ಲಟ್, 1767ರಲ್ಲೇ ಎರಡನ್ನ ತರಿಸಿದ್ದಳು. ಆದರೆ ಅವು ದೊಡ್ಡವು. ಬಾಲ್ಟಿಕ್ ಸಮುದ್ರದ ದಡದ ಪಾಮರೇನಿಯಾ ಪ್ರಾಂತ್ಯದ ಹೆಸರು ಹೊತ್ತ ಈ ನಾಯಿ, ಚಳಿದೇಶದ ಸ್ಪಿಟ್ಜ್ ಬಳಗಕ್ಕೆ ಸೇರಿದ್ದು. ಹಳೇ ಚಿತ್ರಗಳಲ್ಲಿ ಅದು ಮಡಿಲಲ್ಲಿ ಕೂರುವ ನಾಯಿಯಲ್ಲ, ಯಜಮಾನನ ಪಕ್ಕ ನಡೆಯುವ ನಾಯಿ.

ಫ್ಲಾರೆನ್ಸಿನಿಂದ ವಿಂಡ್ಸರ್‌ಗೆ ಬಂದವುಗಳಲ್ಲಿ ಮಾರ್ಕೋ ಅನ್ನೋದು ಹೆಸರು ಮಾಡಿತು. ಕೆಂಚು ಬಣ್ಣ, ತೂಕ ಸುಮಾರು 12 ಪೌಂಡ್, ಅಂದರೆ ಐದೂವರೆ ಕೆಜಿ. ಆ ಕಾಲದ ಪಾಮ್‌ಗಳ ಪಕ್ಕದಲ್ಲಿ ಅದು ಪುಟಾಣಿ.

ಇಲ್ಲಿ ಇನ್ನೊಬ್ಬ ಬರ್ತಾನೆ, ಚಾರ್ಲ್ಸ್ ಕ್ರಫ್ಟ್. ಅಕ್ಕಸಾಲಿಗನ ಮಗ. ನಾಯಿ ಬಿಸ್ಕತ್ತು ಮಾಡುವ ಸ್ಪ್ರ್ಯಾಟ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿ ಮೇಲೆ ಬಂದವನು. ಬಿಸ್ಕತ್ತು ಮಾರೋಕೆ ಊರೂರು ಸುತ್ತಿ ನಾಯಿ ಸಾಕುವ ಶ್ರೀಮಂತರ ಪರಿಚಯ ಮಾಡಿಕೊಂಡ. 1886ರಲ್ಲಿ ಟೆರಿಯರ್‌ಗಳ ಶೋ ಮಾಡಿದ. 1891ರಲ್ಲಿ ಲಂಡನ್ನಿನ ಇಸ್ಲಿಂಗ್ಟನ್ ಕೃಷಿ ಭವನದಲ್ಲಿ ಎಲ್ಲಾ ತಳಿಗಳಿಗೂ ಬಾಗಿಲು ತೆರೆದು, ತನ್ನದೇ ಹೆಸರಿಟ್ಟು ದೊಡ್ಡ ಪ್ರದರ್ಶನ ಮಾಡಿದ. ಸುಮಾರು ಎರಡು ಸಾವಿರ ನಾಯಿಗಳು. ಅವುಗಳಲ್ಲಿ ಆರು ಪಾಮೇರಿಯನ್‌ಗಳು ರಾಣಿಯವು.

ದೇಶದ ಯಜಮಾನಿಯ ನಾಯಿ ಮೇಜಿನ ಮೇಲೆ ಬಂದು ನಿಂತರೆ ತೀರ್ಪುಗಾರ ಏನು ಮಾಡ್ತಾನೆ? ಬಹುಮಾನ ಕೊಟ್ಟ. ಮಾರ್ಕೋ ಗೆದ್ದಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಪಾಮೇರಿಯನ್ ತಳಿಗಾಗಿಯೇ ಒಂದು ಕ್ಲಬ್ ಹುಟ್ಟಿತು. ಮುಂದೆ ಎಲ್ಲರಿಗೂ ರಾಣಿಯ ಹತ್ತಿರ ಇರುವಂಥದ್ದೇ ಬೇಕಾಯಿತು. ಆಮೇಲೆ ಅದಕ್ಕಿಂತ ಚಿಕ್ಕದು. ಆಮೇಲೆ ಅದಕ್ಕಿಂತಲೂ ಚಿಕ್ಕದು. ರಾಣಿಯ ಜೀವಿತಾವಧಿಯಲ್ಲೇ ಈ ತಳಿಯ ಗಾತ್ರ ಅರ್ಧಕ್ಕರ್ಧ ಇಳಿಯಿತು ಅಂತ ತಳಿಯ ಚರಿತ್ರೆ ಬರೆದವರು ಹೇಳ್ತಾರೆ. ಇವತ್ತು ಬ್ರಿಟನ್ನಿನ ಕೆನೆಲ್ ಕ್ಲಬ್ ಹೇಳುವ ಆದರ್ಶ ತೂಕ ಗಂಡಿಗೆ 1.8ರಿಂದ 2 ಕೆಜಿ, ಹೆಣ್ಣಿಗೆ 2ರಿಂದ 2.5 ಕೆಜಿ. ಅಂದರೆ 1891ರಲ್ಲಿ ಪುಟ್ಟದು ಅಂತ ಗೆದ್ದ ಮಾರ್ಕೋ ಇವತ್ತು ರಿಂಗಿಗೆ ಬಂದರೆ, ಎರಡೂವರೆ ಪಟ್ಟು ದಪ್ಪ ಅಂತ ಹೊರಗೆ ಹೋಗಬೇಕಾಗುತ್ತೆ.

ಕಾಲೇಜಿನಲ್ಲಿ ನಮಗೆ ಫೀಡ್‌ಬ್ಯಾಕ್ ಲೂಪ್ ಅಂತ ಪಾಠ ಇತ್ತು. ಮೈಕನ್ನ ಸ್ಪೀಕರ್ ಮುಂದೆ ಹಿಡಿದರೆ ಕೀರಲು ಶಬ್ದ ಏರ್ತಾ ಹೋಗುತ್ತಲ್ಲ, ಅದು. ಶೋ ರಿಂಗ್ ಕೂಡ ಹಾಗೆ. ಗೆದ್ದ ಗಂಡುನಾಯಿಯನ್ನ ಎಲ್ಲರೂ ಹೆಣ್ಣುನಾಯಿಗಳಿಗೆ ಕೂಡಿಸ್ತಾರೆ. ಅದರ ಮರಿಗಳು ಮುಂದಿನ ವರ್ಷದ ಅಳತೆಗೋಲು. ಸ್ಟಡ್ ಬುಕ್ ಮುಚ್ಚಿದ್ದರಿಂದ ಹೊರಗಿನ ರಕ್ತ ಬರಲ್ಲ. ಸಾಕು ಅಂತ ನಿಲ್ಲಿಸುವ ಸ್ವಿಚ್ ಈ ಯಂತ್ರದಲ್ಲಿ ಇಲ್ಲ.

ಮೇಜಿನ ಮೇಲೆ ನಿಲ್ಲುವ ಕಲೆ

ಇಷ್ಟೆಲ್ಲ ಓದಿದ ಮೇಲೆ ಬೆಂಗಳೂರಿನಲ್ಲಿ ಒಂದು ಶೋಗೆ ಹೋದೆ. ಪ್ರಾಮಾಣಿಕವಾಗಿ ಹೇಳ್ತೀನಿ, ಬೈಯೋಕೆ ಅಂತಲೇ ಹೋಗಿದ್ದೆ. ಆದರೆ ಅಲ್ಲಿ ನಾಯಿ ಹಿಡಿದು ನಿಂತಿದ್ದವರ ಶ್ರಮ ನೋಡಿ ಸ್ವಲ್ಪ ಮೆತ್ತಗಾದೆ.

ಪುಟ್ಟ ನಾಯಿಯನ್ನ ತೀರ್ಪುಗಾರರು ಮೇಜಿನ ಮೇಲೆ ನಿಲ್ಲಿಸಿ ಪರೀಕ್ಷೆ ಮಾಡ್ತಾರೆ. ಅದಕ್ಕೆ ಅಭ್ಯಾಸ ಎಂಟು ವಾರದ ಮರಿಯಿದ್ದಾಗಲೇ ಶುರು. ಮೇಜಿನ ಮೇಲೆ ಜಾರದ ಮ್ಯಾಟ್ ಹಾಕಿ ಅರ್ಧ ನಿಮಿಷ ನಿಲ್ಲಿಸೋದು, ಬೇಯಿಸಿದ ಕೋಳಿ ಲಿವರ್ ಚೂರು ಕೊಡೋದು, ಇಳಿಸೋದು. ದಿನಾ ಅಷ್ಟೇ, ಸ್ವಲ್ಪ ಸ್ವಲ್ಪ ಹೆಚ್ಚಿಸ್ತಾ. ನಾಲ್ಕು ಕಾಲೂ ಸಮವಾಗಿ ಊರಿ, ತಲೆ ಎತ್ತಿ ನಿಲ್ಲೋದಕ್ಕೆ ಸ್ಟ್ಯಾಕಿಂಗ್ ಅಂತಾರೆ. ಅಪರಿಚಿತರು ಬಂದು ಬಾಯಿ ಬಿಡಿಸಿ ಹಲ್ಲು ನೋಡಿದರೆ, ಬೆನ್ನು ಒತ್ತಿದರೆ, ಗಂಡಾದರೆ ವೃಷಣ ಎರಡೂ ಇಳಿದಿವೆಯಾ ಅಂತ ಮುಟ್ಟಿದರೆ ಬೆದರಬಾರದು. ಅದಕ್ಕೆ ಮನೆಗೆ ಬಂದ ನೆಂಟರಿಂದೆಲ್ಲ ಮುಟ್ಟಿಸ್ತಾರೆ. ಚಪ್ಪಾಳೆ, ಮೈಕಿನ ಗದ್ದಲ ಕೇಳಿಸಿ ರೂಢಿ ಮಾಡಿಸ್ತಾರೆ. ಆಮೇಲೆ ನಡಿಗೆ. ಚೈನು ಸಡಿಲ ಬಿಟ್ಟು, ಹ್ಯಾಂಡ್ಲರ್ ಎಡಗಡೆ, ನೇರ ಹೋಗಿ ಬರೋದು, ತ್ರಿಕೋನ, ವೃತ್ತ. ಎಳೆಯಬಾರದು, ನೆಗೆಯಬಾರದು, ನೆಲ ಮೂಸಬಾರದು.

ಪಾಮ್‌ಗೆ ಎರಡು ಪದರದ ಕೂದಲು. ನೀರು ಚಿಮುಕಿಸಿ, ಒಂದೊಂದೇ ಸಾಲು ಬಿಡಿಸಿ ಬುಡದಿಂದ ಬಾಚಬೇಕು. ಒಣ ಕೂದಲು ಬಾಚಿದರೆ ತುಂಡಾಗುತ್ತೆ. ನಾಲ್ಕೈದು ತಿಂಗಳಿಗೆ ಮರಿಕೂದಲು ಉದುರಿ ಮುದ್ದು ಮರಿ ಬಡಕಲಾಗಿ ಕಾಣುತ್ತೆ. ಆಗ ಬೇಸರ ಮಾಡ್ಕೊಂಡು ನಾಯಿಯನ್ನ ಬಿಟ್ಟುಹೋಗೋರೂ ಇದ್ದಾರಂತೆ. ಸೆಖೆ ಅಂತ ಬೋಳಿಸಿದರೆ ಕೂದಲು ಮತ್ತೆ ಸರಿಯಾಗಿ ಬರದೇ ಹೋಗಬಹುದು. ಸಣ್ಣ ಮರಿ ಹೊತ್ತು ಮೀರಿ ಹಸಿದಿದ್ದರೆ ರಕ್ತದಲ್ಲಿ ಸಕ್ಕರೆ ಇಳಿದು ಬಿದ್ದುಹೋಗುತ್ತೆ, ಅದಕ್ಕೆ ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪ ಊಟ. ಸೋಫಾದಿಂದ ಹಾರಿದರೆ ಮೂಳೆ ಮುರಿಯಬಹುದು.

ಒಬ್ಬರು ಹಿರಿಯರು, ರಿಟೈರ್ಡ್ ಮೇಷ್ಟ್ರು, ತಮ್ಮ ಪಾಮ್‌ಗೆ ರಿಂಗಿನ ಹೊರಗೆ ನೀರು ಕುಡಿಸ್ತಾ ನನಗೆ ಇದನ್ನೆಲ್ಲ ತಾಳ್ಮೆಯಿಂದ ಹೇಳಿಕೊಟ್ಟರು. ಅವರ ನಾಯಿ ಸೋತಿತ್ತು. ಅವರ ಮುಖದಲ್ಲಿ ಬೇಸರ ಕಾಣಲಿಲ್ಲ, ಹೊಡೆಯದೆ ಬೈಯದೆ ಒಂದು ಜೀವಕ್ಕೆ ಕಲಿಸಿದ ತೃಪ್ತಿ ಇತ್ತು. ತರಬೇತಿ ತಪ್ಪಲ್ಲ ಅಂತ ಆಗ ಅನ್ನಿಸಿತು. ನಾಯಿ ಮತ್ತು ಮನುಷ್ಯರ ನಡುವಿನ ಒಳ್ಳೆಯ ಮಾತುಕತೆ ಅದು. ತೊಂದರೆ ಇರೋದು ಆ ಮೇಜಿನ ಮೇಲೆ ಬಳಸುವ ಅಳತೆಪಟ್ಟಿಯಲ್ಲಿ.

ಚಿಕ್ಕದಾದಷ್ಟೂ ಬೆಲೆ ಅಂದಾಗ ಏನಾಗುತ್ತೆ ಅನ್ನೋದನ್ನ ಯಾವ ಪಶುವೈದ್ಯರನ್ನ ಕೇಳಿದರೂ ಹೇಳ್ತಾರೆ. ಮೊಣಕಾಲ ಚಿಪ್ಪು ಜಾರೋದು, ಶ್ವಾಸನಾಳ ಕುಸಿದು ಕೆಮ್ಮು ಬರೋದು, ಚಿಕ್ಕ ಬಾಯಲ್ಲಿ ಇಕ್ಕಟ್ಟಾದ ಹಲ್ಲು, ಸಹಜ ಹೆರಿಗೆಯಾಗದೆ ಆಪರೇಷನ್. ಟೀಕಪ್ ಅನ್ನೋ ತಳಿಯನ್ನ ಯಾವ ಕೆನೆಲ್ ಕ್ಲಬ್ಬೂ ಮಾನ್ಯ ಮಾಡಿಲ್ಲ. ಅದು ಮಾರುವವರು ಇಟ್ಟ ಹೆಸರು.

ಮುನ್ಷಿಯ ವಂಶಾವಳಿ

ರಾಣಿಯ ಕತೆಗೆ ವಾಪಸ್ ಬರೋಣ. 1887ರಲ್ಲಿ ಆಗ್ರಾದಿಂದ ಅಬ್ದುಲ್ ಕರೀಮ್ ಅನ್ನೋ 24ರ ತರುಣ ರಾಣಿಯ ಊಟದ ಮೇಜಿನ ಸೇವೆಗೆ ಬಂದ. ಬೇಗನೇ ರಾಣಿಗೆ ಹಿಂದೂಸ್ತಾನಿ ಕಲಿಸುವ ಮುನ್ಷಿಯಾದ. ಅವನನ್ನ ಅವಳು ನಿಜವಾಗಿಯೂ ಹಚ್ಚಿಕೊಂಡಳು. ಮನೆ ಕೊಟ್ಟಳು, ಆಗ್ರಾದಲ್ಲಿ ಜಮೀನು ಕೊಡಿಸಿದಳು. ತನ್ನ ಸುತ್ತಲಿದ್ದವರ ಬಣ್ಣದ ದ್ವೇಷವನ್ನ ಎದುರಿಸಿ ಅವನ ಪರ ನಿಂತಳು.

ಆಸ್ಥಾನದವರು ಏನು ಮಾಡಿದರು ಗೊತ್ತಾ? ಅವನ ಪೆಡಿಗ್ರಿ ತೆಗೆಸಿದರು. ತನ್ನ ಅಪ್ಪ ದೊಡ್ಡ ವೈದ್ಯ ಅಂತ ಅವನು ಹೇಳಿಕೊಂಡಿದ್ದ. ರಾಣಿಯ ಸಿಬ್ಬಂದಿಯೊಬ್ಬ ಭಾರತಕ್ಕೆ ಬಂದಾಗ ಆಗ್ರಾ ಜೈಲಿನಲ್ಲಿ ವಿಚಾರಿಸಿ, ಅಪ್ಪ ಅಲ್ಲಿ ಔಷಧ ಕೊಡುವ ಕೆಳದರ್ಜೆಯ ನೌಕರ ಅಂತ ವರದಿ ಮಾಡಿದ. 1897ರಲ್ಲಿ ಫ್ರಾನ್ಸ್ ಪ್ರವಾಸಕ್ಕೆ ಮುನ್ಷಿಯೂ ಬಂದರೆ ಅವನ ಜೊತೆ ಕೂತು ಊಟ ಮಾಡಬೇಕಾಗುತ್ತೆ ಅಂತ ಆಸ್ಥಾನದವರು ರಾಜೀನಾಮೆಯ ಬೆದರಿಕೆ ಹಾಕಿದರು. ನಾಯಿಗಳು ಕಾಲಬುಡದಲ್ಲಿ ಓಡಾಡಿಕೊಂಡಿದ್ದ ಮನೆ ಅದು. ಸಹಪಂಕ್ತಿ ಭೋಜನದ ಜಗಳ ನಮಗೆ ಮಾತ್ರ ಗೊತ್ತು ಅಂದುಕೊಂಡಿದ್ದೆ. ರಾಣಿ ಸತ್ತ ಕೂಡಲೇ ಅವಳ ಮಗ ಏಳನೇ ಎಡ್ವರ್ಡ್, ಮುನ್ಷಿಗೆ ಅವಳು ಬರೆದಿದ್ದ ಪತ್ರಗಳನ್ನ ಸುಡಿಸಿ, ಅವನನ್ನ ಭಾರತಕ್ಕೆ ಕಳಿಸಿಬಿಟ್ಟ.

ನಾಯಿಗಳ ಸ್ಟಡ್ ಬುಕ್ ಮತ್ತು ಮನುಷ್ಯರ ವಂಶಾವಳಿ ಒಂದೇ ಕಾಲದ, ಒಂದೇ ಮನಸ್ಸಿನ ಉತ್ಪನ್ನ ಅಂತ ನನಗೆ ಅರ್ಥವಾಗಿದ್ದು ಇಲ್ಲಿ. ರಾಣಿಯ ಪ್ರೀತಿ ಮುನ್ಷಿಯನ್ನ ಅಳತೆಪಟ್ಟಿಯಿಂದ ಕಾಪಾಡಲಿಲ್ಲ. ಮಾರ್ಕೋವಿನ ಸಂತತಿಯನ್ನೂ ಕಾಪಾಡಲಿಲ್ಲ.

ಕೊನೆಯ ಹಾಸಿಗೆ

1901ರ ಜನವರಿ. ವೈಟ್ ದ್ವೀಪದ ಆಸ್ಬೋರ್ನ್ ಮನೆಯಲ್ಲಿ 81ರ ವಿಕ್ಟೋರಿಯಾ ಮಲಗಿದ್ದಳು. ಮಕ್ಕಳು, ಮೊಮ್ಮಕ್ಕಳು, ಜರ್ಮನಿಯ ಚಕ್ರವರ್ತಿ ಎಲ್ಲರೂ ಸುತ್ತ ಇದ್ದರು. ಅವಳು ತನ್ನ ಪಾಮೇರಿಯನ್ ಟೂರಿಯನ್ನ ಕೇಳಿದಳು. ಅದನ್ನ ತಂದು ಹಾಸಿಗೆಯ ಮೇಲೆ ಬಿಟ್ಟರು. ಜನವರಿ 22ರ ಸಂಜೆ ಜೀವ ಹೋಯಿತು.

ಕೆನ್ಸಿಂಗ್ಟನ್ನಿನ ಹುಡುಗಿಗೆ ಡ್ಯಾಶ್, ಸಾಯುವ ಮುದುಕಿಗೆ ಟೂರಿ. ಎರಡೂ ಕಡೆ ಇರೋದು ಅಪ್ಪಟ ಒಂಟಿತನ, ಅಪ್ಪಟ ಪ್ರೀತಿ. ಅದನ್ನ ನಾನು ಅನುಮಾನಿಸಲ್ಲ. ಆದರೆ ಅಧಿಕಾರ ಇದ್ದವರ ಇಷ್ಟ ಅವರ ಮನೆಯೊಳಗೇ ಉಳಿಯೋದಿಲ್ಲ. ಅದು ಫ್ಯಾಷನ್ ಆಗುತ್ತೆ, ಮಾರುಕಟ್ಟೆ ಆಗುತ್ತೆ, ನಿಯಮ ಆಗುತ್ತೆ. ನೂರು ವರ್ಷದ ನಂತರ ಇನ್ಯಾವುದೋ ಊರಿನ ನಾಯಿಯ ಮೊಣಕಾಲಿನಲ್ಲಿ ನೋವಾಗಿ ಬಂದು ಕೂರುತ್ತೆ.

1912ರಲ್ಲಿ ಟೈಟಾನಿಕ್ ಮುಳುಗಿದಾಗ ಮೂರು ನಾಯಿಗಳು ಬದುಕಿದವು. ಎರಡು ಪಾಮೇರಿಯನ್, ಒಂದು ಪೆಕಿಂಗೀಸ್. ಮೂರೂ ಮೊದಲ ದರ್ಜೆಯವರ ತೋಳಿನಲ್ಲಿದ್ದವು. ಮೂರನೇ ದರ್ಜೆಯ ಪ್ರಯಾಣಿಕರಲ್ಲಿ ಬಹುಪಾಲು ಮುಳುಗಿದರು. ಲೂಟಿಯ ತಳಿಯ ಕತೆ ಇನ್ನೂ ಮುಂದಕ್ಕಿದೆ. 2003ರಲ್ಲಿ ಕ್ರಫ್ಟ್ಸ್‌ನ ಅತ್ಯುನ್ನತ ಪ್ರಶಸ್ತಿ ಗೆದ್ದ ಪೆಕಿಂಗೀಸನ್ನ ಫೋಟೋಗೆ ಕೂರಿಸಿದ್ದು ಐಸ್ ಪ್ಯಾಕ್ ಮೇಲೆ. 2008ರಲ್ಲಿ ಬಿಬಿಸಿ ಶುದ್ಧ ತಳಿಗಳ ಕಾಯಿಲೆಗಳ ಮೇಲೆ ಸಾಕ್ಷ್ಯಚಿತ್ರ ತೋರಿಸಿದ ಮೇಲೆ ಗಲಾಟೆಯಾಗಿ, ಕೆನೆಲ್ ಕ್ಲಬ್ ಪೆಕಿಂಗೀಸ್‌ನ ಅಳತೆಪಟ್ಟಿಯನ್ನೇ ತಿದ್ದಿತು. 2012ರಲ್ಲಿ ಕ್ರಫ್ಟ್ಸ್‌ಗೆ ಪಶುವೈದ್ಯರ ತಪಾಸಣೆ ಬಂತು. ಪೆಕಿಂಗೀಸ್ ವಿಭಾಗದಲ್ಲಿ ಗೆದ್ದ ನಾಯಿ ಅದರಲ್ಲಿ ಫೇಲಾಗಿ ಮುಂದಿನ ಸುತ್ತಿಗೆ ಹೋಗಲಿಲ್ಲ. ಅಂದರೆ ಆ ಪಟ್ಟಿ ದೇವರು ಬರೆದದ್ದಲ್ಲ. ಬರೆದವರನ್ನ ಪ್ರಶ್ನಿಸಿದರೆ ತಿದ್ದಬಹುದು.

ನಮ್ಮಲ್ಲೂ 2017ರಿಂದ ಕೇಂದ್ರದ ನಿಯಮಗಳಿವೆ. ಮರಿ ಮಾಡಿಸುವವರು ನೋಂದಣಿ ಮಾಡಿಸಬೇಕು, ಎಂಟು ವಾರಕ್ಕಿಂತ ಮೊದಲು ಮರಿ ಮಾರುವಂತಿಲ್ಲ, ಹೆಣ್ಣುನಾಯಿಗೆ 18 ತಿಂಗಳಾಗುವ ಮೊದಲು ಮರಿ ಮಾಡಿಸುವಂತಿಲ್ಲ, ಜೀವಮಾನದಲ್ಲಿ ಐದು ಸೂಲಿಗಿಂತ ಹೆಚ್ಚಿಲ್ಲ. ಅಕ್ಕನ ಜೊತೆ ಆ ಮಾರಾಟಗಾರನ ಮನೆಗೆ ಹೋದೆ. ನೋಂದಣಿ ಪತ್ರ ಕೇಳಿದೆ, ತಾಯಿನಾಯಿಯನ್ನ ತೋರಿಸಿ ಅಂದೆ. ಎರಡೂ ಆಗಲಿಲ್ಲ. ಮರಿ ಅಂಗೈಯಲ್ಲಿ ನಡುಗುತ್ತಿತ್ತು, ಎಂಟು ವಾರ ಆಗಿರಲೇ ಇಲ್ಲ ಅಂತ ನನ್ನ ಅನುಮಾನ. ವಾಪಸ್ ಬರುವಾಗ ಸೋದರಸೊಸೆ ಕಾರಿನಲ್ಲಿ ಒಂದೂ ಮಾತಾಡಲಿಲ್ಲ.

ಅವಳಿಗೆ ಆ ಸಂಜೆ ನಮ್ಮ ತುಮಕೂರಿನ ಮನೆಯ ಪಿಂಕಿಯ ಫೋಟೋ ತೋರಿಸಿದೆ. ಪಾಮೇರಿಯನ್ ಅಂತಲೇ ನಾವು ಸಾಕಿದ್ದು. ತೊಂಬತ್ತರ ದಶಕದಲ್ಲಿ, ಹಮ್ ಆಪ್ಕೆ ಹೈ ಕೌನ್ ಸಿನಿಮಾದ ಟಫಿಯನ್ನ ನೋಡಿದ ಮೇಲೆ, ಬೀದಿಗೊಂದು ಮನೆಯಲ್ಲಿ ಅಂಥ ಬಿಳಿ ನಾಯಿ ಬಂದಿತ್ತು. ಅವು ಬಹುತೇಕ ಪಾಮೇರಿಯನ್ ಅಲ್ಲವೇ ಅಲ್ಲ, ಇಂಡಿಯನ್ ಸ್ಪಿಟ್ಜ್. ಅಳತೆಪಟ್ಟಿಯ ಪ್ರಕಾರ ಪಿಂಕಿ ನಕಲಿ. ಅವಳು 14 ವರ್ಷ ಬದುಕಿದಳು, ಮೊಣಕಾಲು ಒಮ್ಮೆಯೂ ಜಾರಲಿಲ್ಲ, ಪೋಸ್ಟ್‌ಮ್ಯಾನ್‌ನನ್ನ ಕೊನೆಯವರೆಗೂ ಕ್ಷಮಿಸಲಿಲ್ಲ.

ಈಗ ಅಕ್ಕನ ಮನೆಯಲ್ಲಿ ಒಂದು ಕಂದು ಮರಿ ಇದೆ. ಅವರ ಬೀದಿಯದ್ದೇ, ಅಪ್ಪ ಯಾರು ಅಂತ ಯಾವ ಪುಸ್ತಕದಲ್ಲೂ ಇಲ್ಲ. ಸೋದರಸೊಸೆ ಅದನ್ನ ದಿನಾ ಊಟದ ಮೇಜಿನ ಮೇಲೆ ಹತ್ತಿಸಿ ನಿಲ್ಲೋದು ಕಲಿಸ್ತಿದ್ದಾಳೆ, ಮೇಷ್ಟ್ರು ಹೇಳಿಕೊಟ್ಟ ಹಾಗೆ, ಲಿವರ್ ಚೂರು ಕೊಟ್ಟು. ಅಕ್ಕ ಬೈತಾಳೆ, ಮೇಜು ಒರೆಸ್ತಾಳೆ. ನಾಲ್ಕು ಕಾಲೂ ಸಮವಾಗಿ ಊರಿ, ತಲೆ ಎತ್ತಿ, ಬಾಲ ಅಲ್ಲಾಡಿಸ್ತಾ ಅದು ನಿಲ್ಲುತ್ತೆ. ಅದಕ್ಕೆ ಅಂಕ ಕೊಡೋರು ಆ ಮನೆಯಲ್ಲಿ ಯಾರೂ ಇಲ್ಲ.